ಗಡಿಗೆಯೊಳಗಿನ ನಾಲ್ಕು ಬಾವಲಿಗಳು

ಭಾಲ್ಕಿ
೧೨ ಜನವರಿ ೨೦೨೫

ಮಗಳು ಸಿದ್ದೇಶ್ವರಿಗೆ ಅವ್ವನ ಆಶೀರ್ವಾದ.

ಎಳ್ಳಮಾವಾಸ್ಯೆಗೂ ನೀನು ಔರಾದಿನಿಂದ ಬರಲಿಲ್ಲ. ಬಾ ಎಂದು ಕರೆಯಲು ಈ ಪತ್ರ ಬರೆಯುತ್ತಿಲ್ಲ. ಮೊನ್ನೆ ನಿನ್ನ ಟ್ರಂಕು ಒರೆಸುವಾಗ ಹಳೆಯ ವಹಿ ಸಿಕ್ಕಿತು. ಕಡೆಯ ಹಾಳೆಯಲ್ಲಿ, ನಾಲ್ಕೂ ಸತ್ತವು, ತಂಪು ಸರಿಯಾಗಿ ಕಾಯಲಿಲ್ಲ, ತಪ್ಪು ನನ್ನದು ಎಂದು ಬರೆದಿದ್ದೀ. ಓದಿದಂದಿನಿಂದ ನನಗೆ ಊಟ ಸೇರುತ್ತಿಲ್ಲ.

ಮೂರು ವರ್ಷದ ಹಿಂದೆ, ಇದೇ ಚಳಿಯಲ್ಲಿ, ನೀನು ನಿನ್ನ ಬೀದರ ಕಾಲೇಜಿನ ಓದಿಗೆಂದು ಪರವಾನಗಿ ಪಡೆದು ಅಷ್ಟೂರಿನ ಗುಮ್ಮಟದಿಂದ ಆ ನಾಲ್ಕು ಬಾವಲಿಗಳನ್ನು ತಂದಿದ್ದೆ. ಹಿಂದಿನ ಕೋಣೆಯಲ್ಲಿ, ಹಸಿ ಅರಿವೆ ಸುತ್ತಿದ ಗಡಿಗೆಯಲ್ಲಿಟ್ಟು ಅವುಗಳ ಉಸಿರು ಎಣಿಸುತ್ತಿದ್ದೆ. ನಾನು ಇಣುಕಿದಾಗ ನೀನು ಹೇಳಿದ್ದೆ: "ಅವ್ವಾ, ಇವು ಸತ್ತಿಲ್ಲ. ಹುಳ ಸಿಗದ ಚಳಿಯಾಗ ಮೈ ತಣ್ಣಗ ಮಾಡ್ಕೊಂಡು ಮಲಗ್ತಾವ. ಗ್ವಾಡಿ ಎಷ್ಟು ತಂಪೋ ಮೈನೂ ಅಷ್ಟೇ ತಂಪು. ಎದಿ ನಿಧಾನ, ಉಸಿರು ನಿಧಾನ. ಬೆಚ್ಚಗಾದ್ರ ಎಚ್ಚರಾಗ್ತಾವ, ಕೂಡಿಟ್ಟ ಕೊಬ್ಬೆಲ್ಲ ಖರ್ಚಾಗ್ತದ. ಮುಟ್ಟಬ್ಯಾಡ."

ಮನೆಯೊಳಗೆ ಬಾವಲಿ ಅಪಶಕುನ ಎಂದು ನಾನು ಬೈದೆ. ಅಪಶಕುನಕ್ಕೂ ಥರ್ಮಾಮೀಟರ್ ಹಚ್ಚಿ ನೋಡ್ತೇನಿ ಎಂದು ನೀನು ನಕ್ಕೆ.

ಆ ಶನಿವಾರ ನೀನು ಕಾಲೇಜಿಗೆ ಹೋಗಿದ್ದೆ. ಮರುದಿನ ನಿನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಕೋಣೆ ಬಳಿಯಲು ಹೋದ ನಾನು ಗಡಿಗೆಗೆ ಕೈಹಾಕಿದೆ. ಕಲ್ಲಿನಂತೆ ತಣ್ಣಗಿದ್ದವು. ನಿಂತಷ್ಟು ಹೊತ್ತೂ ಉಸಿರು ಕಾಣಲಿಲ್ಲ. ಸತ್ತಿವೆ ಎಂದು ಕರಿಬೇವಿನ ಬುಡದಲ್ಲಿ ಹುಗಿದೆ. ಸಂಜೆ ನೀನು ಬಂದಾಗ, ಬೆಳಿಗ್ಗೆಯೇ ಸತ್ತುಬಿದ್ದಿದ್ದವು ಎಂದೆ. ಮರುದಿನ ನೀನು ಸೀರೆ ಉಟ್ಟು, ಬಂದವರಿಗೆ ಚಹಾ ಕೊಟ್ಟೆ. ಆ ಸಂಬಂಧ ಕೂಡಲಿಲ್ಲ. ನೀನು ಓದು ಬಿಟ್ಟು ಔರಾದಿನ ಸಾಲೆಯಲ್ಲಿ ಕಲಿಸಲು ಸೇರಿದೆ. ಒಳ್ಳೆಯದೇ ಆಯಿತು ಎಂದು ನಾನು ನೆರೆಯವರ ಮುಂದೆ ಹೇಳಿಕೊಂಡೆ.

ನಾನು ಯಾರ ಮುಂದೆಯೂ ತಪ್ಪೊಪ್ಪಿಕೊಂಡವಳಲ್ಲ, ನಿನಗೆ ಗೊತ್ತು. ನಿನ್ನ ಗಡಿಗೆ, ಅರಿವೆ, ಎಣಿಕೆ ಎಲ್ಲ ಸರಿಯಿದ್ದವು. ವಹಿಯನ್ನು ಇದರ ಜೊತೆ ಕಳಿಸಿದ್ದೇನೆ. ಕಡೆಯ ಸಾಲಿನಲ್ಲಿ 'ನನ್ನದು' ಎಂಬುದನ್ನು ಹೊಡೆದು ಅಲ್ಲಿ ನನ್ನ ಹೆಸರು ಬರೆದಿದ್ದೇನೆ. ಮತ್ತೆ ಓದುವುದು ಬಿಡುವುದು ನಿನಗೆ ಸೇರಿದ್ದು.

ನಿನ್ನ ಅವ್ವ
ಹೀರಾಬಾಯಿ

ತಾ.ಕ.: ಸತ್ತಿವೆ ಎಂದು ತಿಳಿದು ಹುಗಿದೆ ಎಂದು ಮೇಲೆ ಬರೆದೆ. ಮೂರರ ಮಟ್ಟಿಗೆ ಅದು ನಿಜ. ನಾಲ್ಕನೆಯದು ನನ್ನ ಅಂಗೈ ಬಿಸಿಗೆ ಎಚ್ಚರಾಗಿ, ಉಗುರಿನಿಂದ ನನ್ನ ಬೆರಳು ಹಿಡಿದಿತ್ತು. ನೀನು ಹೇಳಿದ್ದೆಲ್ಲ ಆಗ ನೆನಪಾಯಿತು. ಬೆರಳು ಬಿಡಿಸಿಕೊಂಡು ಅದರ ಮೇಲೂ ಮಣ್ಣು ಎಳೆದೆ.