ತುದಿ ಕಟ್ಟದ ಬಲೆ

ಅಪ್ಪನಿಗೆ ನಮಸ್ಕಾರ.

ಬಲೆ ಹೋದ ಕಥೆಯನ್ನು ಸೋಮವಾರ ನಿಮಗೆ ಮೊದಲು ಹೇಳಿದವನು ಐಸ್ ಗಾಡಿಯವನಂತೆ; ನಿಮ್ಮನ್ನು ಅಲ್ಲಿ ತನ್ನ ಮನೆಯಲ್ಲಿ ನೋಡಿಕೊಳ್ಳುತ್ತಿರುವ ಅಕ್ಕ ತಿಳಿಸಿದಳು. ಅವನು ಇಲಿಯನ್ನು ಹುಲಿ ಮಾಡುವವನು. ದೋಣಿ ಮುಳುಗಿಲ್ಲ, ನಾವಿಬ್ಬರೂ ಚೆನ್ನಾಗಿದ್ದೇವೆ. ಬಲೆ ಹೋದದ್ದು ಮಾತ್ರ ನಿಜ.

ಎಂಜಿನ್ ವಿಷಯಕ್ಕೆ ಜಗಳವಾಡಿ ಅಣ್ಣನೂ ನಾನೂ ತಿಂಗಳಿಂದ ಮಾತು ಬಿಟ್ಟಿದ್ದೇವೆ. ಬಲೆಯ ಹಗ್ಗದ ತುದಿಯನ್ನು ದೋಣಿಗೆ ಅವನು ಕಟ್ಟಿದ್ದಾನೆಂದು ನಾನು, ನಾನು ಕಟ್ಟಿದ್ದೇನೆಂದು ಅವನು ಅಂದುಕೊಂಡಿದ್ದೆವು. ಮೊದಲು ಕೇಳಿದವನು ಸೋತಂತೆ ಎಂದು ಇಬ್ಬರೂ ಬಾಯಿ ಬಿಡಲಿಲ್ಲ. ಬಲೆಯೆಲ್ಲ ಇಳಿದ ಮೇಲೆ ತುದಿಯೂ ನಮ್ಮ ಕಣ್ಣೆದುರೇ ನೀರಿಗೆ ಜಾರಿತು.

ಎರಡು ದಿನ ನೀರಿನ ತಳದಲ್ಲಿ ಕೊಕ್ಕೆ ಎಳೆದು ಹುಡುಕಿದೆವು. ಒಂದು ಹಳೆಯ ಟೈರು ಸಿಕ್ಕಿತು. ನೀವು ಮೂರು ವರ್ಷ ಕೂತು ಹೆಣೆದ ಬಲೆ ಅದು; ಈಗಿನ ಕಣ್ಣಲ್ಲಿ ನಿಮಗೆ ಇನ್ನೊಂದು ಹೆಣೆಯಲಾಗದು. ನಾಡಿದ್ದು ಗಾಳಿ ತಿರುಗಿದರೆ ಬಲೆ ಮುಳುಗುಬಂಡೆಗೆ ಸಿಕ್ಕಿ ಚಿಂದಿಯಾಗುತ್ತದೆ. ಆ ಬಂಡೆ ಎಲ್ಲಿದೆಯೆಂದು ತಿಳಿಯಲು ನೀವು ಗುರುತು ಹಿಡಿಯುತ್ತಿದ್ದದ್ದು ದಡದ ನೀರಿನ ಟ್ಯಾಂಕನ್ನೋ, ದೀಪಸ್ತಂಭವನ್ನೋ? ಐಸ್ ಗಾಡಿಯವನ ಕೈಯಲ್ಲೇ ಹೇಳಿ ಕಳಿಸಿ. ಆಪರೇಷನ್ ಆದ ಕಣ್ಣನ್ನು ಉಜ್ಜಬೇಡಿ.

ನಿನ್ನೆ ಸಂಜೆ ಈ ಪತ್ರವನ್ನು ಇಲ್ಲಿಯವರೆಗೆ ಬರೆದು ಮನೆಯವರಿಗೆ ಓದಿ ಹೇಳಿದೆ. ಅಣ್ಣ ಗೋಡೆ ನೋಡುತ್ತಾ ಕೇಳಿಸಿಕೊಂಡ. ಇಂದು ಬೆಳಿಗ್ಗೆ ನಾವು ದಡಕ್ಕೆ ಬಂದರೆ, ನೀರು ಕಂಡರೆ ತಲೆ ಸುತ್ತುವ ಅಮ್ಮ ದೋಣಿಯ ನಡುಹಲಗೆಯ ಮೇಲೆ ಕೂತಿದ್ದಾಳೆ.

"ನಿಮ್ಮ ಬಾಯಿಗೆ ಬೀಗ ಹಾಗೇ ಇರ್ಲಿ ಕಣ್ರೋ. ಇವನ ಮಾತು ಅವನಿಗೆ, ಅವನ ಮಾತು ಇವನಿಗೆ ನಾನು ದಾಟಿಸ್ತೀನಿ. ದೋಣಿ ತಳ್ಳಿ," ಅನ್ನುತ್ತಿದ್ದಾಳೆ.

ಹೊರಟೆವು.

ನಿಮ್ಮ ಕಿರಿಮಗ