ಲೀಗ್ ಗೆದ್ದ ಎಣ್ಣೆ

ಮತ್ರಾ, ಒಮಾನ್
10 ಮೇ 1998, ಭಾನುವಾರ

ನನ್ನ ಮುದ್ದಿನ ಅಮ್ಮಾ,

ನಾವು ಗೆದ್ದೆವು ಅಮ್ಮಾ, ಬಹ್ರೇನ್ ದೇಶದ ಫುಟ್‌ಬಾಲ್ ಲೀಗನ್ನೇ ಗೆದ್ದುಬಿಟ್ಟೆವು, ನಿನ್ನ ಅಳಿಯ ಈಗ ಚಾಂಪಿಯನ್! ಬಹ್ರೇನ್ ಎಲ್ಲಿಂದ ಬಂತು, ದೇಜಪ್ಪ ಇರುವುದು ಮತ್ರಾದಲ್ಲಿ ಅಲ್ಲವಾ ಎಂದು ನೀನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತೀಯ, ನನಗೆ ಗೊತ್ತು. ಅದನ್ನು ಹೇಳುವುದಕ್ಕೇ ಈ ಪತ್ರ. ಮೊದಲು ಖುಷಿಪಡು, ಆಮೇಲೆ ಬೈ. ಕಾಗುಣಿತ ತಪ್ಪಿದ್ದರೆ ಮಾತ್ರ ನನ್ನನ್ನು ಕಾನ್ವೆಂಟಿಗೆ ಸೇರಿಸಿದ ಅಪ್ಪನಿಗೆ ಬೈ.

ಬಹ್ರೇನ್ ಎಂದರೆ ಒಂದು ಪುಟ್ಟ ದ್ವೀಪ. ಊಟ ಮುಗಿಸಿ ಕಾರಿನಲ್ಲಿ ಹೊರಟರೆ ಸಂಜೆಯ ಚಹಾದ ಹೊತ್ತಿಗೆ ಇಡೀ ದೇಶ ಸುತ್ತಿ ಬರಬಹುದಂತೆ. ಅಷ್ಟು ಚಿಕ್ಕ ಜಾಗದಲ್ಲಿ ಎಷ್ಟು ಕ್ಲಬ್ಬುಗಳು, ಎಂಥ ಜಗಳಗಳು! ಅಣ್ಣ ಒಂದು ಕ್ಲಬ್ಬು, ತಮ್ಮ ಇನ್ನೊಂದು, ಪಂದ್ಯದ ವಾರ ಇಬ್ಬರಿಗೂ ಮಾತಿಲ್ಲ. ನಮ್ಮದು ನೇರಳೆ ಜೆರ್ಸಿಯ ಕ್ಲಬ್ಬು. ನಮ್ಮದು ಎನ್ನುತ್ತೇನೆ, ಆದರೆ ನಾನು ಅದನ್ನು ಕಣ್ಣಾರೆ ನೋಡಿಲ್ಲ.

ನವೆಂಬರ್‌ನಲ್ಲಿ ಏನಾಯಿತೆಂದರೆ, ಇವರ ಕಫೀಲ್, ಅದೇ ಮದುವೆಗೆ ಗೋಡೆ ಗಡಿಯಾರ ಕಳಿಸಿದ ಅಂಗಡಿ ಯಜಮಾನ, ಅವರ ಭಾವ ಆ ಕ್ಲಬ್ಬಿನ ಅಧ್ಯಕ್ಷ. ಅಲ್ಲಿ ಆಟಗಾರರ ಕಾಲು ಉಜ್ಜುವವನು ಹೇಳದೆ ಕೇಳದೆ ಬಿಟ್ಟುಹೋದನಂತೆ. ಇವರು ಊರಿನ ಗರಡಿಯಲ್ಲಿ ಉಳುಕು ತೆಗೆಯಲು ಕಲಿತವರೆಂದು ಕಫೀಲಿಗೆ ನೆನಪಾಯಿತು. ಒಂದೇ ಸೀಸನ್, ಯಲ್ಲಾ, ಹೊರಡು, ಹೋಗಿ ಬಾ ಎಂದರು. ಮದುವೆಯಾಗಿ ಹತ್ತು ವಾರ, ನಾನು ಮತ್ರಾಕ್ಕೆ ಬಂದು ಐದು ವಾರ. ಇವರು ಒಂದು ಬ್ಯಾಗ್ ಹಿಡಿದು ಹೊರಟರು. ನಾನು ನಗುತ್ತಲೇ ಕೈಬೀಸಿದೆ ಅಮ್ಮಾ, ನನಗೆ ಅದು ಸಿನಿಮಾದ ಹಾಗೆ ಅನಿಸಿತ್ತು.

ನಿನಗೆ ಬರೆಯಲಿಲ್ಲ. ಗಲ್ಫಿನಲ್ಲಿ ಒಬ್ಬಳೇ ಗೋಡೆ ನೋಡುತ್ತಾ ಕೂರುವುದಕ್ಕೆ ಮಗಳನ್ನು ಕೊಡುವುದಿಲ್ಲ ಎಂದು ನೀನು ಮದುವೆಗೆ ಮೊದಲೇ ಹೇಳಿದ್ದೆ. ಟ್ರ್ಯಾಕ್‌ಸೂಟಿನ ಫೋಟೋ ನೋಡಿ ಇವರೇ ಬೇಕು ಎಂದು ಹಟ ಮಾಡಿದವಳು ನಾನು. ಐದು ವಾರಕ್ಕೇ ನೀನು ಹೇಳಿದ್ದು ಸರಿಯಾಯಿತು ಎಂದು ಬರೆಯಲು ಕೈ ಬರಲಿಲ್ಲ.

ಹಾಗಾಗಿ ನನ್ನ ಪತ್ರಗಳಲ್ಲಿದ್ದ "ನಾವು" ಎಲ್ಲ ನಾನೇ. ಸಮುದ್ರದ ದಂಡೆಯಲ್ಲಿ ನಾವು ನಡೆದೆವು ಎಂದು ಬರೆದದ್ದು ನಾನು ನಡೆದದ್ದು. ಇವರಿಗೆ ನಿನ್ನ ಮಿಡಿ ಉಪ್ಪಿನಕಾಯಿ ಹಿಡಿಸಿತು ಎಂದು ಬರೆದ ಭರಣಿಯನ್ನು ನಾನೇ ಖಾಲಿ ಮಾಡಿದೆ. ಶುಕ್ರವಾರ ಎರಡು ತಟ್ಟೆ ಇಡುತ್ತಿದ್ದೆ. ಆಮೇಲೆ ಎರಡನ್ನೂ ತೊಳೆಯುತ್ತಿದ್ದೆ.

ಎದುರು ಮನೆಯ ಆಸಿಯಮ್ಮ ಇಲ್ಲದಿದ್ದರೆ ನಾನು ಗೋಡೆ ಗಡಿಯಾರದ ಜೊತೆಗೇ ಮಾತಾಡುತ್ತಿದ್ದೆನೋ ಏನೋ. ಬಂಟ್ವಾಳದವರು. ಗಂಡ ಉಮ್ಮರ್ ಇಲ್ಲಿಯ ಹಳೆಪೇಟೆ ಸೂಕ್‌ನ ಓಣಿಯಲ್ಲಿ ಅತ್ತರಿನ ಅಂಗಡಿ ಇಟ್ಟಿದ್ದಾರೆ. ಬಹ್ರೇನಿನ ಅರಬಿ ಪೇಪರ್ ಎರಡು ದಿನ ತಡವಾಗಿ ಅವರ ಅಂಗಡಿಗೆ ಬರುತ್ತದೆ. ಅವರು ಓದಿ ಹೇಳುತ್ತಿದ್ದರು, ನಾನು ಬರೆದುಕೊಂಡು ಬಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದೆ: ಆಡಿದ್ದು, ಗೆದ್ದದ್ದು, ಸೋತದ್ದು. ಆಸಿಯಮ್ಮ ಅದನ್ನು ನೋಡಿ, ಎಂತ ಮಾರಾಯ್ತಿ, ಓಡುವುದು ಅವರು, ಬೆವರುವುದು ನೀನಾ ಎಂದು ತಮಾಷೆ ಮಾಡುತ್ತಿದ್ದರು. ಗೋಲಿನ ಲೆಕ್ಕ ಸಾಕು, ಹೊಟ್ಟೆಗೆ ಎಂತಾದರೂ ಹಾಕಿದೆಯಾ ಹೇಳು ಎಂದು ಪತಿರ್ ರೊಟ್ಟಿ ತಂದಿಡುತ್ತಿದ್ದರು.

ಮೊದಲ ನಾಲ್ಕು ಪಂದ್ಯಗಳಲ್ಲಿ ಮೂರು ಸೋಲು. ಆಮೇಲೆ ದೊಡ್ಡ ಗೋಲುಗಾರನ ಮೊಣಕಾಲು ಊದಿತು. ಇವರ ಬ್ಯಾಗಿನಲ್ಲಿ ನಿನ್ನ ಎಣ್ಣೆ ಇತ್ತು, ಲಕ್ಕಿ ಸೊಪ್ಪು ಹಾಕಿ ನೀನು ಮೂರು ದಿನ ಕುದಿಸುವ ಆ ಕಪ್ಪು ಎಣ್ಣೆ. ಬಾಣಂತನಕ್ಕಾಗುತ್ತದೆ, ಇಟ್ಟುಕೋ ಎಂದು ನನ್ನ ಪೆಟ್ಟಿಗೆಯಲ್ಲಿ ಇಟ್ಟಿದ್ದೆಯಲ್ಲ, ಅದನ್ನೇ ನಾನು ಇವರಿಗೆ ಕೊಟ್ಟಿದ್ದೆ. ಇವರು ಐದು ದಿನ ಉಜ್ಜಿದರು, ಅವನು ಎರಡು ಗೋಲು ಹೊಡೆದ. ಮುಂದಿನ ವಾರ ಹನ್ನೊಂದು ಜನವೂ ಕಾಲು ಚಾಚಿ ಕೂತರಂತೆ, ಎಣ್ಣೆ, ಎಣ್ಣೆ ಎಂದು! ಆಮೇಲೆ ಒಂದು ಸೋಲೂ ಇಲ್ಲ. ನನಗೆ ಕೂದಲು ಉದುರುತ್ತದೆ, ಬೆನ್ನು ನೋವು, ಇವರಿಗೆ ಭುಜ ಹಿಡಿದಿದೆ ಎಂದೆಲ್ಲ ಬರೆದು ಊರಿಂದ ಬರುವವರ ಕೈಯಲ್ಲಿ ಬಾಟಲಿ ತರಿಸಿಕೊಂಡೆನಲ್ಲ, ಎಲ್ಲವೂ ಬಹ್ರೇನಿಗೆ ಹೋಯಿತು. ನನ್ನ ಬೆನ್ನು ಗಟ್ಟಿಯಾಗಿದೆ. ನೀನು ಅದಕ್ಕಾಗಿ ಹರಕೆ ಬೇರೆ ಹೇಳಿಕೊಂಡೆ, ಕ್ಷಮಿಸು.

ಜನವರಿಯಲ್ಲಿ ಇವರು ನಾಲ್ಕು ದಿನ ರಜೆ ಕೇಳಿದರು. ಮ್ಯಾನೇಜರ್ ಬಿಡಲಿಲ್ಲ. ಗೆಲ್ಲುತ್ತಿರುವಾಗ ಯಾವುದನ್ನೂ ಕದಲಿಸಬಾರದು ಎಂದು ಅವರ ನಂಬಿಕೆ. ಗೆದ್ದ ದಿನದ ಕಾಲುಚೀಲವನ್ನೇ ಒಗೆಯಲು ಬಿಡುವುದಿಲ್ಲವಂತೆ, ಇನ್ನು ಎಣ್ಣೆಯವನನ್ನು ಬಿಡುತ್ತಾರಾ? ಸೋತ ಮರುದಿನವೇ ನಿನಗೆ ಟಿಕೆಟ್, ಅಲ್ಲಿಯವರೆಗೆ ಈ ಕೈ ಇಲ್ಲೇ ಇರಲಿ ಎಂದರಂತೆ. ಇವರು ಫೋನಿನಲ್ಲಿ ಅದನ್ನು ಹೇಳಿ ನಕ್ಕರು. ನಾನೂ ನಕ್ಕೆ. ಇವರಿಗೆ ಅದು ಹೆಮ್ಮೆ, ಗೊತ್ತಾ? ಅಂಗಡಿಯಲ್ಲಿ ಬೂಟಿನ ಡಬ್ಬ ಜೋಡಿಸುತ್ತಿದ್ದವರನ್ನು ಈಗ ಇಡೀ ತಂಡ ಹೆಸರು ಹಿಡಿದು ಕರೆಯುತ್ತದೆ.

ಆದರೆ ಅಂದಿನಿಂದ ಫ್ರಿಜ್ಜಿನ ಬಾಗಿಲು ನೋಡುವುದು ಬೇರೆಯಾಯಿತು. ಉಮ್ಮರ್ ಪೇಪರ್ ಬಿಡಿಸಿ, ಗೆದ್ದರಮ್ಮಾ, ಮಾಶಾ ಅಲ್ಲಾ ಎಂದು ಪುಟ್ಟ ಕಪ್ಪಿನಲ್ಲಿ ಕಾಫಿ ಕೊಡುತ್ತಿದ್ದರು. ನಾನು ಥ್ಯಾಂಕ್ಯೂ ಎಂದು ಕುಡಿದು, ಓಣಿ ದಾಟುವವರೆಗೆ ನಗುಮುಖ ಇಟ್ಟುಕೊಂಡು ಬರುತ್ತಿದ್ದೆ. ಒಮ್ಮೆ ಆಸಿಯಮ್ಮ ಎದುರಾಗಿ ನನ್ನ ಮುಖ ನೋಡಿ, ಸೋತರಾ ಮಗಾ ಎಂದು ಕೇಳಿದರು. ಇಲ್ಲ, ಗೆದ್ದರು ಎಂದೆ. ಕೈಹಿಡಿದು ಅವರ ಮನೆಯೊಳಗೆ ಕರೆದುಕೊಂಡು ಹೋದರು.

ಮೊನ್ನೆ ಶುಕ್ರವಾರ ಹದಿನೆಂಟನೆಯ ಪಂದ್ಯ, ಕೊನೆಯದು. ಸಂಜೆ ಫೋನ್ ಬಂತು. ಹಿಂದೆ ಡೋಲು, ಕಾರುಗಳ ಹಾರ್ನು, ಯಾರೋ ಇವರನ್ನು ಹೆಗಲ ಮೇಲೆ ಎತ್ತಿದ್ದರಂತೆ. ಸ್ವರ್ಣಾ, ನಾವು ಚಾಂಪಿಯನ್, ಇನ್ನೆರಡು ಸೀಸನ್‌ಗೆ ಸಹಿ ಹಾಕಿದೆ ಎಂದು ಕೂಗಿದರು. ಕ್ವಾರ್ಟರ್ಸ್ ಗಂಡಸರದ್ದೇ, ಫ್ಯಾಮಿಲಿಗೆ ಇಲ್ಲ, ಆದರೆ ಎರಡು ವರ್ಷ ಎಂದರೆ ಎಂತ, ಹೀಗೆ ಕಳೆಯುತ್ತದೆ ಅಲ್ವಾ ಎಂದರು. ನಾನು ಕಂಗ್ರಾಜುಲೇಷನ್ಸ್ ಎಂದೆ. ಆಗ ಇವರು, ಅತ್ತೆಗೆ ಬರೆ, ಒಂದು ಡಜನ್ ಬಾಟಲಿ ಮಾಡಲಿ ಎಂದರು.

ನಿನ್ನೆ ನಾನೇ ಫೋನ್ ಮಾಡಿದೆ. ಅಳಲಿಲ್ಲ ಅಮ್ಮಾ, ನಿಜವಾಗಿ. ಬಹ್ರೇನಾಗಲಿ, ಮತ್ರಾ ಆಗಲಿ, ಇಬ್ಬರಿರುವ ಮನೆ ಸಿಕ್ಕಿದ ದಿನ ಬರುತ್ತೇನೆ, ಅಲ್ಲಿಯವರೆಗೆ ಊರಿನಲ್ಲಿರುತ್ತೇನೆ ಎಂದೆ. ಇವರು, ನೀನು ಖುಷಿಯಲ್ಲಿದ್ದೀ ಎಂದೇ ನಾನು ತಿಳಿದಿದ್ದೆ, ಪ್ರತಿ ಸಲ ನಗುತ್ತಿದ್ದೆಯಲ್ಲ ಎಂದರು. ಇವರದ್ದೂ ತಪ್ಪಲ್ಲ, ನಾನು ನಿನಗೆ ಬರೆದದ್ದನ್ನೇ ಇವರಿಗೂ ಹೇಳುತ್ತಿದ್ದೆ. ಅಧ್ಯಕ್ಷರನ್ನು ಕೇಳಿ ನೋಡುತ್ತೇನೆ ಎಂದಿದ್ದಾರೆ. ನೋಡೋಣ.

ಅಪ್ಪನಿಗೆ ಚಾಂಪಿಯನ್ ವಿಷಯ ಮೊದಲು ಹೇಳು, ಉಳಿದದ್ದು ಊಟವಾದ ಮೇಲೆ.

ನಿನ್ನ ಸುಳ್ಳುಬುರುಕಿ,
ಸ್ವರ್ಣಲತಾ

ಮತ್ತೆ ಒಂದು ಮಾತು: ಎಣ್ಣೆ ಕುದಿಸಬೇಡ. ಇದು ಇವರಿಗೂ ಗೊತ್ತಿಲ್ಲ. ಕೊನೆಯ ನಾಲ್ಕು ಪಂದ್ಯಗಳಿಗೆ ನಾನು ಕಳಿಸಿದ್ದು ಇಲ್ಲಿಯ ಅಂಗಡಿಯ ಬರೀ ತೆಂಗಿನೆಣ್ಣೆ, ವಾಸನೆಗೂ ಬಣ್ಣಕ್ಕೂ ಸ್ವಲ್ಪ ನಿನ್ನದು. ಒಮ್ಮೆ ಸೋಲಲಿ, ಇವರು ಬರಲಿ ಎಂದು. ಆದರೂ ಮೂರು ಗೆದ್ದರು, ಒಂದು ಸಮ ಮಾಡಿದರು. ಇವರ ಕೈಯೇ ಅಷ್ಟು ಒಳ್ಳೆಯದು ಅಮ್ಮಾ, ಅದನ್ನು ಇವರಿಗೆ ಹೇಳಬೇಕೆಂದು ಎಷ್ಟು ಆಸೆ, ಹೇಗೆ ಹೇಳಲಿ? ನಿನ್ನ ಎಣ್ಣೆಯನ್ನು ನಾನು ದಿನಾ ಬೆಳಿಗ್ಗೆ ತಲೆಗೆ ಹಚ್ಚಿಕೊಂಡೆ, ಮನೆಯಲ್ಲಿ ಇನ್ನೊಬ್ಬರು ಇದ್ದ ಹಾಗೆ ವಾಸನೆ ಬರುತ್ತಿತ್ತು. ಈಗ ಅರ್ಧ ಬಾಟಲಿ ಉಳಿದಿದೆ, ತರುತ್ತೇನೆ. ಬೊಂಬಾಯಿಯಿಂದ ಈ ತಿಂಗಳು ಹೊಸದಾಗಿ ಶುರುವಾದ ರೈಲಿಗೆ ಆಸಿಯಮ್ಮನ ತಮ್ಮ ಟಿಕೆಟ್ ಮಾಡಿಸಿದ್ದಾನೆ. ನೀನೊಬ್ಬಳೇ ಸ್ಟೇಷನ್ನಿಗೆ ಬಾ: ಮೇ 30, ಶನಿವಾರ ಬೆಳಿಗ್ಗೆ, ಮಂಗಳೂರು, ಮತ್ಸ್ಯಗಂಧಾ ಎಕ್ಸ್‌ಪ್ರೆಸ್.