ಸ್ಕ್ಯಾನ್ ಕೋಣೆಯಲ್ಲಿ ಭೀಮಸೇನ

ದೇವಕಿ,

ಬಿಟ್ಟಂಗಾಲದ ರಂಗದ ಮೇಲೆ ದುಶ್ಶಾಸನನ ಎದೆ ಬಗೆದ ನಿನ್ನ ಭೀಮಸೇನ ಇಂದು ಮಡಿಕೇರಿಯ ಆಸ್ಪತ್ರೆಯಲ್ಲಿ ಅಂಗಾತ ಮಲಗಿದ್ದ. ನಿನ್ನನ್ನು ಕೊಂಡೊಯ್ದ ಕಿಡ್ನಿ ಕಾಯಿಲೆಯೇ ನನಗೂ ಬಂದಿದೆ. ಡಯಾಲಿಸಿಸ್‌ಗೆ ಮೊದಲು ತೋಳಿನ, ಕುತ್ತಿಗೆಯ ರಕ್ತನಾಳಗಳನ್ನು ಸ್ಕ್ಯಾನ್ ಮಾಡಿ ನೋಡಬೇಕಂತೆ.

"ಹರಿಸು ತಾಯಿ, ನೆತ್ತರು ಹರಿಸು! ನಾನು ಕಣ್ಣು ಮುಚ್ಚಿದ್ದೇನೆ" ಎಂದು ಗುಡುಗಿದೆ.

ಸ್ಕ್ಯಾನ್ ಮಾಡುವ ಹುಡುಗಿ ನಕ್ಕಳು. "ಕಣ್ಣು ಬಿಡಿ ಅಂಕಲ್. ಇದ್ರಲ್ಲಿ ಸೂಜಿನೇ ಇಲ್ಲ, ರಕ್ತ ಎಲ್ಲಿಂದ ಬರುತ್ತೆ?"

ತೋಳಿಗೆ ಪಟ್ಟಿ ಬಿಗಿದಳು, ತಣ್ಣನೆಯ ಜೆಲ್ ಸವರಿದಳು, ಮುಷ್ಟಿ ಹಿಡಿದು ಬಿಡಿ ಅಂದಳು. ಆಮೇಲೆ ಕುತ್ತಿಗೆಗೂ ಜೆಲ್. ಪರದೆಯ ಮೇಲೆ ರಕ್ತನಾಳಗಳು ಕಪ್ಪು ಬೊಟ್ಟುಗಳಂತೆ ಕಂಡವು. ಅಷ್ಟೇ, ಮುಗಿಯಿತು.

ನಿನಗೆ ಇದೇ ಸ್ಕ್ಯಾನ್ ಮಾಡಿದ ದಿನ, ಒಳಗೆ ಬನ್ನಿ ಎಂದು ನೀನು ನನ್ನ ಕೈ ಹಿಡಿದಿದ್ದೆ. ರಕ್ತ ಕಂಡರೆ ನನಗೆ ತಲೆ ಸುತ್ತುತ್ತದೆ ಎಂದು ನಾನು ಬಿಡಿಸಿಕೊಂಡೆ. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ, ಗದಾಯುದ್ಧದ ಮಾತುಗಳನ್ನು ಹೇಳಿ ನಾಲ್ಕು ಜನರನ್ನು ನಗಿಸುತ್ತ ಕೂತಿದ್ದೆ. ನೀನು ಹೊರಬಂದಾಗ, "ರಕ್ತ ಬಹಳ ಹೋಯಿತಾ?" ಎಂದು ಕೇಳಿದೆ.

ನೀನು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಹೇಳಿದೆ: "ಹೂಂ ರೀ, ತುಂಬಾ ಹೋಯ್ತು. ನೀವು ಬರದೇ ಇದ್ದದ್ದೇ ಒಳ್ಳೇದಾಯ್ತು."